ಕೈ ಎತ್ತಬಾರದೆಂಬ ಠರಾವು

ಸೈಕಲ್ ತುಳಿಯುವುದರಿಂದ ಯಾರಿಗೂ ಕೇಡಾಗುವುದಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಪೆಟ್ರೋಲು ಬೇಡ, ಲೈಸೆನ್ಸು ಬೇಡ, ಚಕ್ರದಲ್ಲಿ ಗಾಳಿ ಇದ್ದರೆ ಸಾಕು. ಬಿದ್ದರೂ ಎಷ್ಟು ಎತ್ತರದಿಂದ ಬೀಳುತ್ತೇವೆ? ಸೊಂಟದೆತ್ತರ! ಇಷ್ಟು ಸಾಧು ವಾಹನದ ಮೇಲೆ ಕುಳಿತು ಒಬ್ಬ ಮನುಷ್ಯ ತನಗಿದ್ದ ಒಬ್ಬನೇ ಸ್ನೇಹಿತನನ್ನು ಕಳೆದುಕೊಳ್ಳಬಹುದು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಆ ಮನುಷ್ಯ ನಾನೇ ಆಗಿರುವುದರಿಂದ ನಗು ಅಷ್ಟಾಗಿ ಬರುವುದಿಲ್ಲ.

ನಾನು ಬಸವರಾಜ. ಆಂಧ್ರದ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಟೈಲರ್. ನಮ್ಮ ಕಸುಬಿನಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಬೇರೆ, ಹೊಲಿಯುವವನು ಬೇರೆ. ನನ್ನ ಕಟಿಂಗ್ ಮಾಸ್ಟರ್ ಓಬಳೇಶ. ಅವನು ಕತ್ತರಿಸಿದ್ದನ್ನು ನಾನು ಹೊಲಿಯುತ್ತಿದ್ದೆ. ಅವನಿಗೆ ಹೊಲಿಗೆ ಬರುವುದಿಲ್ಲ, ನನಗೆ ಕತ್ತರಿ ಹಿಡಿಯಲು ಬರುವುದಿಲ್ಲ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ದರ್ಜಿ! ಇಪ್ಪತ್ತೆರಡು ವರ್ಷ ಒಂದೇ ಶೆಡ್ಡಿನಲ್ಲಿ, ಒಂದೇ ಫ್ಯಾನಿನ ಕೆಳಗೆ ಹೀಗೆ ನಡೆದಿತ್ತು.

ಇಬ್ಬರಿಗೂ ಒಂದೇ ವಾರದಲ್ಲಿ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಡಾಕ್ಟರು, "ಕೂತು ಕೂತು ಬಂದಿದ್ದಿದು" ಎಂದರು.

ಓಬಳೇಶ ಕೈ ಮುಗಿದು, "ಸಾರ್, ಇಂವ ಕೂಡ್ರೋನು ಖರೆ. ನಾನು ದಿನಾ ಪೂರ್ತಿ ನಿಂತ್ಕೊಂಡೇ ಕೆಲಸ ಮಾಡ್ತೀನ್ರಿ" ಎಂದ.

"ಹಂಗಾದ್ರೆ ಇವರ ಜೊತೆ ಇದ್ದು ಬಂದಿರಬೇಕು" ಎಂದರು ಡಾಕ್ಟರು.

ಹೀಗೆ ಶುರುವಾಯಿತು ನಮ್ಮ ಸೈಕಲ್ ಯಾತ್ರೆ. ಮನೆಯಲ್ಲಿದ್ದ ಹಳೆಯ ಸೈಕಲ್ಲುಗಳಿಗೆ ಎಣ್ಣೆ ಬಿಟ್ಟು, ಬೆಳಗ್ಗೆ ಕಣೇಕಲ್ಲಿನ ದಾರಿಯಲ್ಲಿ ಹೊರಟೆವು. ಓಬಳೇಶನದೊಂದು ಪದ್ಧತಿಯಿತ್ತು. ಎದುರಿಗೆ ಯಾರೇ ಸೈಕಲ್ಲಿನ ಮೇಲೆ ಬರಲಿ, ಹಾಲಿನವನಾಗಲಿ, ಹುಲ್ಲಿನ ಹೊರೆಯವನಾಗಲಿ, ಒಂದು ಕೈ ಎತ್ತಿ, ಬೆಲ್ ಹೊಡೆದು, "ಆರಾಮ್ರೀ?" ಎನ್ನುತ್ತಿದ್ದ. "ಗುರುತು ಪರಿಚಯ ಇಲ್ಲದೋರಿಗೆ ಯಾಕಲೇ?" ಎಂದರೆ, "ತುಳಿಯೋರ ಕಷ್ಟ ತುಳಿಯೋರಿಗೇ ಗೊತ್ತಲೇ ಬಸ್ಯಾ" ಎನ್ನುತ್ತಿದ್ದ. ಅವನು ಕೈ ಎತ್ತಿ ಎತ್ತಿಯೇ ಆರು ತಿಂಗಳಲ್ಲಿ ನಾವು ಇಪ್ಪತ್ತು ಜನ ಆದೆವು. ಕ್ಲಬ್ ಆಯಿತು. ನಿವೃತ್ತ ಡ್ರಿಲ್ ಮೇಷ್ಟ್ರು ರಾಮಾಂಜಿನಿಯವರು ಅಧ್ಯಕ್ಷರು. ಅಕ್ಷರ ಚೆನ್ನಾಗಿದೆಯೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಕ್ಲಬ್ ಕಟ್ಟಿದ ಓಬಳೇಶನಿಗೆ ಯಾವ ಹುದ್ದೆಯೂ ಇರಲಿಲ್ಲ. ಅವನು ಕೇಳಲೂ ಇಲ್ಲ.

ಆಮೇಲೆ ನಾನು ಗೇರ್ ಸೈಕಲ್ ಕೊಂಡೆ. ಮೇಷ್ಟ್ರು ಕೊಂಡಿದ್ದರು, ಅದಕ್ಕೇ ನಾನೂ ಕೊಂಡೆ. ಅದರ ಮೇಲೆ ಕೂತರೆ ಬೆನ್ನು ಬಾಗುತ್ತದೆ, ತಲೆ ಮಾತ್ರ ಮೇಲಕ್ಕೇರುತ್ತದೆ! ಹತ್ತು ಜನ ಗೇರಿನವರಾದೆವು, ಹತ್ತು ಜನ ಬೆಲ್ಲಿನವರಾಗಿ ಉಳಿದರು. ಭಾನುವಾರ ಕಣೇಕಲ್ಲಿನ ಕೆರೆಯವರೆಗೆ ಹೋದರೆ, ನಾವು ಗೇರಿನವರು ಮುಂದಾಗಿ ತಲುಪಿ, ಅಲ್ಲಿನ ಹೋಟೆಲಿನಲ್ಲಿ ಮೊದಲ ಒಬ್ಬೆ ಇಡ್ಲಿಯನ್ನು ಖಾಲಿ ಮಾಡಿ, ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಬೆಲ್ಲಿನವರು ಬರುತ್ತಿದ್ದರು. ಅವರು ಕೂಡುವ ಹೊತ್ತಿಗೆ ನಾವು ಏಳುತ್ತಿದ್ದೆವು. ಒಂದೇ ಕ್ಲಬ್ಬಿನವರು ಒಂದೇ ಹೋಟೆಲಿನಲ್ಲಿ ತಿಂದರೂ ಎರಡು ಪಂಕ್ತಿ.

ಒಂದು ಭಾನುವಾರ ಓಬಳೇಶನ ಚಕ್ರ ಪಂಕ್ಚರ್ ಆಗಿ, ಅವನು ಬಂದಾಗ ಇಡ್ಲಿಯೂ ಇಲ್ಲ, ಚಟ್ನಿಯೂ ಇಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ, ಹೊತ್ತಿಗೆ ಸರಿಯಾಗಿ ತಿನ್ನದೆ ಬೆವತುಹೋಗಿದ್ದ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಲೇ ಬಸ್ಯಾ, ನನಗ ಅಂತ ಎರಡು ಇಡ್ಲಿ ತೆಗೆದಿಡಬಾರದಿತ್ತೇನು?"

ಆವತ್ತು ಮೇಷ್ಟ್ರ ಮಾತು ಮುಗಿಯದೆ ಗೇರಿನವರೆಲ್ಲ ಇನ್ನೂ ನನ್ನ ಸುತ್ತ ಕೂತಿದ್ದರು. ಅಂಥ ಸಭೆಯಲ್ಲಿ ನಾನು ದೊಡ್ಡ ಮನುಷ್ಯನಂತೆ ಏನಾದರೂ ಹೇಳಬೇಕಾಗಿತ್ತು. ಹೇಳಿದೆ.

"ಗೇರ್ ಸೈಕಲ್ ತಗೋ. ಇಡ್ಲಿ ತಾವೇ ಸಿಗ್ತಾವ."

ಎಲ್ಲರೂ ನಕ್ಕರು. ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಓಬಳೇಶ ಒಂದು ಲೋಟ ನೀರು ಕುಡಿದು ಹೊರಗೆ ಹೋಗಿ ಸೈಕಲ್ ಹತ್ತಿದ. ಅವನ ಹಿಂದೆ ಉಳಿದ ಬೆಲ್ಲಿನವರೂ ಎದ್ದು ಹೋದರು. ಕ್ಲಬ್ ಒಡೆಯಲು ಒಂದು ವಾಕ್ಯ ಸಾಕಾಯಿತು. ನನ್ನ ತಟ್ಟೆಯಲ್ಲಿ ಆಗ ಇನ್ನೂ ಒಂದು ಇಡ್ಲಿ ಇತ್ತು ಎಂಬುದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಮರುವಾರ ಗೇರಿನವರ ತುರ್ತುಸಭೆ ಸೇರಿತು. ಬೆಲ್ಲಿನವರು ಬೇರೆ ಕ್ಲಬ್ ಮಾಡಿಕೊಂಡಿದ್ದಾರೆಂದೂ, ಇದು ಶಿಸ್ತಿನ ಉಲ್ಲಂಘನೆಯೆಂದೂ ಮೇಷ್ಟ್ರು ಗುಡುಗಿದರು. ಕಾರ್ಯದರ್ಶಿಯಾದ ನಾನು ಚೆಂದದ ಅಕ್ಷರದಲ್ಲಿ ಠರಾವು ಬರೆದೆ: "ಸದರಿ ಪ್ರತಿಪಕ್ಷದ ಸವಾರರು ಎದುರಾದಲ್ಲಿ ನಮ್ಮ ಸದಸ್ಯರು ಕೈ ಎತ್ತತಕ್ಕದ್ದಲ್ಲ, ಮಾತನಾಡತಕ್ಕದ್ದಲ್ಲ, ಅವರು ಮಾತನಾಡಿದಲ್ಲಿ ಕೇಳಿಸಿಕೊಳ್ಳತಕ್ಕದ್ದಲ್ಲ." ಕೊನೆಯ ಮಾತು ನನ್ನದೇ ಸ್ವಂತ ಸೇರ್ಪಡೆ. ಎಲ್ಲರೂ ಸಹಿ ಹಾಕಿ ಬಜ್ಜಿ ತಿಂದರು.

ಮನೆಗೆ ಬಂದು ಹೆಂಡತಿ ಸುಂಕಮ್ಮನಿಗೆ ಓದಿ ತೋರಿಸಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು.

"ನಾಳಿ ಶೆಡ್ಡಿನಾಗ ಓಬಳೇಶಣ್ಣನ ಜೋಡಿ ಹೆಂಗ ಮಾತಾಡ್ತೀರಿ?"

"ಠರಾವು ಠರಾವೇ."

"ಪ್ಯಾಂಟು ಹೊಲೀಲಿಕ್ಕ ಠರಾವು ಬರ್ತೈತೇನ್ರೀ?" ಎಂದು ಕೇಳಿ ರೊಟ್ಟಿ ಮಗುಚಿದಳು. ಹೆಂಗಸರಿಗೆ ಸಂಘಟನೆಯ ವಿಚಾರ ತಿಳಿಯುವುದಿಲ್ಲ ಎಂದುಕೊಂಡೆ.

ಮರುದಿನದಿಂದ ಶೆಡ್ಡಿನಲ್ಲಿ ಮೌನ. ಅವನು ಕತ್ತರಿಸಿದ ಬಟ್ಟೆಯನ್ನು ನನ್ನ ಮೆಷಿನ್ನಿನ ಪಕ್ಕ ಇಡುತ್ತಿದ್ದ. ಅಳತೆ ಏನಾದರೂ ಹೇಳುವುದಿದ್ದರೆ ಬಟ್ಟೆಯ ಒಳಮೈಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಅನುಮಾನವಿದ್ದರೆ ನಾನೂ ಅಲ್ಲೇ ಬರೆದು ವಾಪಸ್ಸು ಕಳಿಸುತ್ತಿದ್ದೆ. ಒಂದು ದಿನ ಸೊಂಟದಳತೆಯ ಕೆಳಗೆ, ಚಿಕ್ಕದಾಗಿ, "ಚಾ ಕುಡಿಯೋಣೇನು?" ಎಂದು ಬರೆದಿದ್ದ. ನಾನು ಅರ್ಧ ಎದ್ದೆ. ಆದರೆ ನಾನು ಕಾರ್ಯದರ್ಶಿ! ಮತ್ತೆ ಕೂತು, ನೋಡದವನ ಹಾಗೆ, ಅದರ ಮೇಲೆಯೇ ಜೇಬು ಇಟ್ಟು ಹೊಲಿದುಬಿಟ್ಟೆ. ಆ ಪ್ಯಾಂಟು ಯಾವ ಊರಿಗೆ ಹೋಯಿತೋ, ಯಾರು ಹಾಕಿಕೊಂಡರೋ.

ಅಷ್ಟರಲ್ಲಿ ಮಡಕಶಿರಾ ಕಡೆಯಿಂದ ಆಹ್ವಾನ ಬಂತು. ಅಲ್ಲಿ ಕರಿಯಣ್ಣ ಎಂಬ ಹಿಪ್ಪುನೇರಳೆ ಬೆಳೆಯುವ ರೈತರು ಒಂದು ಸೈಕಲ್ ಬಳಗ ಕಟ್ಟಿದ್ದರು. ಮಡಕಶಿರಾದಿಂದ ರತ್ನಗಿರಿ ಕೋಟೆಯವರೆಗೆ ಸವಾರಿ, ರಾಯದುರ್ಗದವರೆಲ್ಲ ಬನ್ನಿ ಎಂದು ಕರೆದರು. ಪಾಪ, ಅವರಿಗೆ ರಾಯದುರ್ಗ ಒಂದೇ ಊರು ಎಂಬ ಭ್ರಮೆ ಇತ್ತು.

ಬೆಲ್ಲಿನವರು ಸಮವಸ್ತ್ರ ಹೊಲಿಸುತ್ತಿದ್ದಾರೆಂದು ಸುದ್ದಿ ಬಂತು. ಮೇಷ್ಟ್ರು ಸಿಡಿದೆದ್ದರು. "ಬಸವರಾಜು, ನೀನಿದ್ದೂ ನಮಗೆ ಯೂನಿಫಾರಂ ಇಲ್ಲವೇ? ಪರುವು ಹೋಗುತ್ತದಪ್ಪಾ!" ಎಂದು ಅರ್ಧ ತೆಲುಗಿನಲ್ಲಿ ಮಾನದ ಪ್ರಶ್ನೆ ಎತ್ತಿದರು. ನಾನು ಎದೆ ತಟ್ಟಿ ಒಪ್ಪಿಕೊಂಡೆ. ಹೊಲಿಗೆ ನನಗೆ ನೀರು ಕುಡಿದಷ್ಟು ಸಲೀಸು. ಕತ್ತರಿಸುವುದು? ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತು ನೋಡಿಲ್ಲವೇ? ನೋಡಿದ್ದೇ ವಿದ್ಯೆಯಾಗಿದ್ದರೆ ದೇವಸ್ಥಾನದ ಕಂಬಗಳೆಲ್ಲ ಪುರೋಹಿತರಾಗುತ್ತಿದ್ದವು. ಅದು ಆಗ ಹೊಳೆಯಲಿಲ್ಲ.

ಸಮವಸ್ತ್ರಕ್ಕೆ ತಂದದ್ದು ಎಳೆದರೆ ಹಿಗ್ಗುವ ಬಟ್ಟೆ. ಅದರ ಹಿಗ್ಗು ಮೈಯ ಅಡ್ಡಕ್ಕೆ ಬರುವಂತೆ ಹಾಸಿ ಕತ್ತರಿಸಬೇಕು ಎಂಬುದು ಯಾವ ಕಟಿಂಗ್ ಮಾಸ್ಟರಿಗೂ ಗೊತ್ತಿರುವ ಮಾತು. ನಾನು ಉದ್ದಕ್ಕೆ ಹಾಸಿದೆ. ಇಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಚಡ್ಡಿಯ ಕೂರುವ ಜಾಗದಲ್ಲಿ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಜೀನ್ಸಿಗೆ ಹಾಕುವಂತೆ ನಾಲ್ಕು ಪದರ ಮಡಚಿ, ದಪ್ಪ ದಾರದಲ್ಲಿ ಜೋಡಿ ಹೊಲಿಗೆ ಹಾಕಿದೆ. ನನ್ನ ಪ್ಯಾಂಟು ಎಲ್ಲಿ ಹರಿದರೂ ಕುಂಡೆಯ ಹೊಲಿಗೆ ಬಿಚ್ಚಿದ್ದಿಲ್ಲ ಎಂಬುದು ನನ್ನ ಜೀವಮಾನದ ಕೀರ್ತಿ!

ಕೊನೆಯ ಗುಂಡಿ ಹಚ್ಚಿದ್ದು ಹೊರಡುವ ದಿನ. ಯಾರೂ ಹಾಕಿ ನೋಡಿರಲಿಲ್ಲ. ಒಂದೇ ಊರಿನಿಂದ ಎರಡು ಲಗೇಜ್ ಗಾಡಿಗಳು, ಒಂದರ ಧೂಳನ್ನು ಇನ್ನೊಂದು ಕುಡಿಯುತ್ತ, ಮಡಕಶಿರಾ ತಲುಪಿದವು. ಕರಿಯಣ್ಣ ರುಮಾಲು ಸುತ್ತಿಕೊಂಡು ಕಾಯುತ್ತಿದ್ದರು.

"ಒಂದೇ ಊರಿಂದ ಎಲ್ಡು ಗಾಡೀಲಿ ಯಾಕ್ ಬಂದ್ರಿ ಸಾಮಿ? ಒಂದ್ರಾಗೇ ಬರ್ಬೋದಿತ್ತಲ್ಲ?"

ಗೇರಿನವರು ಆ ಕಡೆ, ಬೆಲ್ಲಿನವರು ಈ ಕಡೆ ತಿರುಗಿ ಸೈಕಲ್ ಇಳಿಸತೊಡಗಿದರು. "ಅಲಲೇ, ಮಕ ಕೂಡ ನೋಡ್ಕಳಲ್ವಲ್ಲ ಇವ್ರು!" ಎಂದು ಕರಿಯಣ್ಣ ತಮ್ಮ ಕಡೆಯವರಿಗೆ ಹೇಳಿ ಕಾಫಿ ಹಂಚಿದರು.

ಬೆಲ್ಲಿನವರ ಸಮವಸ್ತ್ರ ನೋಡಿ ನನಗೆ ಹೊಟ್ಟೆಯುರಿಯಿತು. ಎಂಥ ಕಟಿಂಗ್! ಒಬ್ಬೊಬ್ಬರ ಮೈಗೂ ಅಚ್ಚು ಹೊಯ್ದಂತೆ ಕೂತಿತ್ತು. ಆದರೆ ಹೊಲಿಗೆ ಓಬಳೇಶನದೇ ಎಂದು ದೂರದಿಂದಲೇ ತಿಳಿಯುತ್ತಿತ್ತು. ಕೈ ಎತ್ತಿದರೆ ಎಲ್ಲರ ಕಂಕುಳೂ ಬಾಯಿ ತೆರೆಯುತ್ತಿತ್ತು. ನಮ್ಮದು ತಿರುಗಾಮುರುಗಾ. ಒಂದು ಹೊಲಿಗೆಯೂ ಬಿಚ್ಚಲಿಲ್ಲ, ಆದರೆ ಸೈಕಲ್ ಮೇಲೆ ಬಾಗಿದ ಕೂಡಲೇ ಹತ್ತೂ ಜನರ ಅಂಗಿ ಅಡ್ಡಕ್ಕೆ ಹಿಗ್ಗದೆ ಮೇಲಕ್ಕೆ ಸರಿದು, ಹತ್ತು ಹೊಟ್ಟೆಗಳು ಮಡಕಶಿರಾದ ಚಳಿಗಾಳಿಗೆ ತೆರೆದುಕೊಂಡವು. ಇನ್ನು ಚಡ್ಡಿಯ ಕೀರ್ತಿಶಾಲಿ ಹೊಲಿಗೆ! ಎರಡು ಮೈಲಿ ದಾಟುವುದರೊಳಗೆ ಮೇಷ್ಟ್ರು ಸೀಟು ಬಿಟ್ಟು ಪೆಡಲಿನ ಮೇಲೆ ಎದ್ದು ನಿಂತಿದ್ದರು. "ಬಸವರಾಜೂ, ಇದು ಚಡ್ಡಿಯೋ ಗರಗಸವೋ?" ಎಂದು ಕೂಗಿದರು. ಎಲ್ಲರೂ ನಿಂತುಕೊಂಡೇ ತುಳಿಯತೊಡಗಿದರು. ನಿಂತು ತುಳಿದರೆ ವೇಗ ಹೆಚ್ಚು. ನಮ್ಮ ಬಳಗ ಅಷ್ಟು ವೇಗವಾಗಿ ಹಿಂದೆಂದೂ ಹೋಗಿರಲಿಲ್ಲ.

ಸೊಂಟ ಹಿಡಿದು ನಾನು ಹಿಂದೆ ಬಿದ್ದೆ. ಮೇಷ್ಟ್ರೂ ಬಳಗವೂ ಕಣ್ಮರೆಯಾದರು, ಬೆಲ್ಲಿನವರೂ ನನ್ನನ್ನು ದಾಟಿ ಹೋದರು. ಒಂದು ಇಳಿಜಾರು, ಅದರ ತುದಿಯಲ್ಲಿ ತಿರುವು. ತಿರುವಿನ ಹತ್ತಿರ ಓಬಳೇಶ ಸೈಕಲ್ ಇಳಿದು ರಸ್ತೆಯ ನಡುವೆ ನಿಂತಿದ್ದ. ಹರಿದ ಕಂಕುಳು ಕಾಣುವಂತೆ ಎರಡೂ ಕೈ ಎತ್ತಿ ಬೀಸುತ್ತಿದ್ದ.

"ಬಸ್ಯಾ! ನಿಲ್ಲಲೇ! ಮುಂದ ರಸ್ತೆ ಮ್ಯಾಲ ಹುರುಳಿ ಹಾಕ್ಯಾರ! ಬ್ರೇಕ್ ಹಿಡಿಯಲೇ!"

ಆ ಕಡೆ ಸುಗ್ಗಿಯಲ್ಲಿ ಹುರುಳಿಯನ್ನು ರಸ್ತೆಯ ಮೇಲೆ ಹರವುತ್ತಾರೆ. ಲಾರಿ ಬಸ್ಸುಗಳು ತುಳಿದುಕೊಂಡು ಹೋದರೆ ಒಕ್ಕಣೆ ಪುಕ್ಕಟೆ. ಇದು ನನಗೆ ಗೊತ್ತಿತ್ತು. ಓಬಳೇಶ ಕೂಗಿದ್ದೂ ಅಕ್ಷರ ಅಕ್ಷರ ಕೇಳಿಸಿತು. ಆದರೆ ಪ್ರತಿಪಕ್ಷದವರು ಮಾತನಾಡಿದಲ್ಲಿ ಕೇಳಿಸಿಕೊಳ್ಳತಕ್ಕದ್ದಲ್ಲ! ನಾನು ಮುಖವನ್ನು ನೇರ ಇಟ್ಟುಕೊಂಡು, ಘನತೆಯಿಂದ, ಹೊಟ್ಟೆ ತೋರಿಸಿಕೊಂಡು, ಅವನ ಪಕ್ಕದಲ್ಲೇ ಹಾದುಹೋದೆ. ಹೋಗುವಾಗ ಅವನ ಕೈ ನನ್ನ ತೋಳಿಗೆ ಸವರಿತು. ಹಿಡಿಯಲು ನೋಡಿದ್ದ.

ಹುರುಳಿಬಳ್ಳಿ ಮೊಳಕಾಲುದ್ದ ಇತ್ತು. ಮುಂದಿನ ಚಕ್ರ ಅದರಲ್ಲಿ ಹೂತಿತು, ಬಳ್ಳಿ ಗೇರಿಗೆ ಸುತ್ತಿಕೊಂಡಿತು, ನಾನು ಸೈಕಲ್ಲಿಲ್ಲದೆಯೇ ಪ್ರಯಾಣ ಮುಂದುವರಿಸಿದೆ. ಸೊಂಟದೆತ್ತರದಿಂದ ಬಿದ್ದರೆ ಏನೂ ಆಗುವುದಿಲ್ಲ ಎಂಬ ನನ್ನ ನಂಬಿಕೆ ಬಲಗೈ ಮಣಿಕಟ್ಟಿನ ಜೊತೆಗೇ ಮುರಿಯಿತು.

ಓಬಳೇಶ ಓಡಿ ಬಂದು ಮೊಳಕಾಲೂರಿ ಕೂತ. "ಏಳಬ್ಯಾಡ, ಏಳಬ್ಯಾಡ. ಕೈ ತೋರಿಸು. ಅಯ್ಯೋ, ಹೊಲಿಯೋ ಕೈಯಲ್ಲೇನಲೇ ಇದು" ಎಂದ. ಅವನ ಕಣ್ಣಲ್ಲಿ ನೀರಿತ್ತು. ಬೆಲ್ಲಿನವರು ಐದಾರು ಜನ ಸುತ್ತ ಬಂದು ನಿಂತಿದ್ದರು. ಒಬ್ಬ ನನ್ನ ಹೊಟ್ಟೆ ನೋಡಿ ನಕ್ಕನೇನೋ, ನನಗೆ ಹಾಗನ್ನಿಸಿತು.

"ನಮ್ಮ ಕ್ಲಬ್ಬಿನೋರು ಬರ್ತಾರ. ನೀ ಹೋಗು" ಎಂದೆ.

ಅವನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. "ಏನಲೇ?" ಎಂದ.

"ಹೋಗು ಅಂದೆ. ನಿನ್ನ ಉಪಕಾರ ನನಗ ಬ್ಯಾಡ."

ಓಬಳೇಶ ನಿಧಾನವಾಗಿ ಎದ್ದ. ಮೊಳಕಾಲಿನ ಮಣ್ಣು ಕೊಡವಿಕೊಂಡ. ತನ್ನವರನ್ನು ಮುಂದೆ ಕಳಿಸಿ, ತಾನು ಮಾತ್ರ ಅಷ್ಟು ದೂರದ ಹುಣಸೆಮರದ ಕೆಳಗೆ ಹೋಗಿ ಕೂತ.

ನಮ್ಮ ಕ್ಲಬ್ಬಿನವರು ಬರಲಿಲ್ಲ. ಯಾಕೆ ಬರುತ್ತಾರೆ? ಹಿಂದೆ ಉಳಿದವರಿಗೆ ಕಾಯುವುದು ನಮ್ಮ ಪದ್ಧತಿಯೇ ಅಲ್ಲ. ಅವರು ರತ್ನಗಿರಿ ಸೇರಿ ಚಿತ್ರಾನ್ನದ ಮೊದಲ ಪಂಕ್ತಿಯಲ್ಲಿ ಕೂತಿದ್ದರು. ನಾನು ಹುರುಳಿಯ ರಾಶಿಯಲ್ಲಿ ಒಂದು ಗಂಟೆ ಕೂತಿದ್ದೆ. ಓಬಳೇಶ ಹುಣಸೆಮರದ ಕೆಳಗೆ ಒಂದು ಗಂಟೆ ಕೂತಿದ್ದ. ಅವನು ನನ್ನ ಕಡೆ ನೋಡಿದಾಗ ನಾನು ಬೆಟ್ಟ ನೋಡುತ್ತಿದ್ದೆ, ನಾನು ನೋಡಿದಾಗ ಅವನು ನೆಲ ನೋಡುತ್ತಿದ್ದ. ಒಂದು ಸಲ ಕೂಗಿದ್ದರೆ ಓಡಿ ಬರುತ್ತಿದ್ದ. ಮಣಿಕಟ್ಟಿನ ನೋವಿಗೆ ಅಲ್ಲದೆ ನಾನು ಅಲ್ಲಿ ಬೇರೆ ಯಾವುದಕ್ಕೋ ಅತ್ತೆ ಎಂಬುದು ನಿಜ.

ಕೊನೆಗೆ ಕರಿಯಣ್ಣ ಮೊಪೆಡ್ಡಿನಲ್ಲಿ ಬಂದರು.

"ಅಯ್ಯಯ್ಯೋ, ಬಿದ್ಬುಟ್ರಾ ಸಾಮಿ! ಅಲ್ಲಿ ಮರದ್ ಕೆಳಗೆ ಕುಂತವ್ರಲ್ಲ, ಅವ್ರು ನಿಮ್ಮೋರಲ್ವಾ?"

ನಾನು ಎಡಗೈಯಿಂದ ಅಂಗಿಗೆ ಹತ್ತಿದ ಹುರುಳಿಬಳ್ಳಿ ತೆಗೆಯತೊಡಗಿದೆ.

"ಅವ್ರೇ ಫೋನ್ ಮಾಡಿ ಕರ್ಸಿದ್ದು ನನ್ನ. ನಮ್ಮ ಬಸವರಾಜ ಬಿದ್ದವ್ನೆ ಅಂದ್ರು" ಎಂದು ಕರಿಯಣ್ಣ ನನ್ನನ್ನು ಎಬ್ಬಿಸಿ ಕೂರಿಸಿಕೊಂಡರು. ಗಾಡಿ ಹೊರಟ ಮೇಲೆ ತಿರುಗಿ ನೋಡಿದೆ. ಓಬಳೇಶ ಹುರುಳಿಯಲ್ಲಿ ಬಗ್ಗಿ, ನನ್ನ ಗೇರ್ ಸೈಕಲ್ಲಿನಿಂದ ಬಳ್ಳಿ ಬಿಡಿಸುತ್ತಿದ್ದ.

ಕೈಗೆ ಪಟ್ಟಿ ಬಿತ್ತು. ಮೂರನೇ ವಾರಕ್ಕೆ ಮೇಷ್ಟ್ರು ಮೂಸಂಬಿ ಹಿಡಿದು ನೋಡಲು ಬಂದರು. ಎರಡು ಕ್ಲಬ್ಬುಗಳು ಮತ್ತೆ ಒಂದಾದವೆಂದು ಸಂತೋಷದಿಂದ ಹೇಳಿದರು.

"ಮತ್ತೆ ಠರಾವು?" ಎಂದೆ.

"ಯಾವ ಠರಾವಪ್ಪಾ? ಓ, ಅದಾ! ಅದು ಆವತ್ತೇ ಮುಗಿಯಿತು ಬಿಡು. ಬೆಲ್ಲಿನವರಲ್ಲಿ ನನ್ನ ಬೀಗರಿದ್ದಾರೆ, ಮಾತಾಡದೆ ಆಗುತ್ತದಾ? ದಿನಾ ಕೈ ಎತ್ತುತ್ತಿದ್ದೆ. ಎಲ್ಲರೂ ಎತ್ತುತ್ತಿದ್ದರು. ನಿನಗೆ ಗೊತ್ತಿರಲಿಲ್ಲವಾ?"

ನನಗೆ ಗೊತ್ತಿರಲಿಲ್ಲ. ಹತ್ತು ಜನ ಸಹಿ ಹಾಕಿದ ಠರಾವನ್ನು ಪಾಲಿಸಿದ ಏಕೈಕ ಸದಸ್ಯ ನಾನು! ಅಂಥ ಪ್ರಾಮಾಣಿಕ ಕಾರ್ಯದರ್ಶಿ ಯಾವ ಸಂಘಕ್ಕೂ ಸಿಗುವುದಿಲ್ಲ.

ಆ ದಿನಗಳಲ್ಲಿ ಓಬಳೇಶ ಶೆಡ್ಡಿಗೆ ಒಬ್ಬನೇ ಹೋಗುತ್ತಿದ್ದ. ಬೇರೆ ಟೈಲರನ್ನು ಕರೆದುಕೋ ಎಂದವರಿಗೆ, "ಬಸ್ಯಾ ಬರ್ಲಿ ತಡೀರಿ" ಎನ್ನುತ್ತಿದ್ದನಂತೆ. ಕತ್ತರಿಸಿದ ಬಟ್ಟೆ ನನ್ನ ಮೆಷಿನ್ನಿನ ಎತ್ತರಕ್ಕೆ ಬೆಳೆಯಿತು. ಆಮೇಲೆ ಬಟ್ಟೆ ಕೊಡುವ ವ್ಯಾಪಾರಿಗಳು ಕೊಡುವುದನ್ನೇ ನಿಲ್ಲಿಸಿದರು. ಕೈ ಮುರಿದಿದ್ದರೂ ನಡೆಯಲು ಕಾಲಿತ್ತು. ನಾಲ್ಕು ಓಣಿ ದಾಟಿದರೆ ಶೆಡ್ಡು. ಅವನು ಮೊದಲು ಬಂದು ಮಾತಾಡಿಸಲಿ ಎಂದು ನಾನು ಹೋಗಲಿಲ್ಲ. ಹೋಗು ಎಂದವನ ಮನೆಗೆ ಅವನು ಹೇಗೆ ಬಂದಾನು?

ಆದರೂ ಬಂದ. ಪಟ್ಟಿ ಬಿಚ್ಚಿದ ವಾರದಲ್ಲಿ, ಒಂದು ಮಧ್ಯಾಹ್ನ ಓಣಿಯಲ್ಲಿ ಅವನ ದನಿ ಕೇಳಿಸಿತು. ಓಡಿಹೋಗಿ ಬಾಗಿಲು ತೆರೆಯಬೇಕಾದ ನಾನು ಏನು ಮಾಡಿದೆ? ಓಡಿಹೋಗಿ ಮಂಚದ ಮೇಲೆ ಮಲಗಿ ಮುಖದ ಮೇಲೆ ಟವೆಲ್ ಹಾಕಿಕೊಂಡೆ! ಅವನು ಎಬ್ಬಿಸು ಅನ್ನಲಿ, ಒಂದೇ ಒಂದು ಸಲ ಅನ್ನಲಿ, ಕೂಡಲೇ ಏಳುತ್ತೇನೆ ಎಂದು ನಿಶ್ಚಯಿಸಿ ಜೋರಾಗಿ ಗೊರಕೆ ಶುರುಮಾಡಿದೆ.

"ತಂಗಿ, ಬಸ್ಯಾ ಅದಾನೇನು?"

"ಒಳಗ ಮಲಗ್ಯಾರಣ್ಣ. ತಡಿ, ಎಬ್ಬಿಸ್ತೀನಿ" ಎಂದಳು ಸುಂಕಮ್ಮ.

ಅವನು ಕೋಣೆಯ ಬಾಗಿಲಿಗೆ ಬಂದು ನಿಂತ. ಟವೆಲಿನ ಅಡಿಯಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು. ನಾನು ಗೊರಕೆಯನ್ನು ಇನ್ನಷ್ಟು ಏರಿಸಿದೆ. ಅವನು ತುಂಬ ಹೊತ್ತು ಹಾಗೇ ನಿಂತಿದ್ದ.

"ಬ್ಯಾಡ ಬಿಡವ್ವ, ಮಲಗ್ಲಿ" ಎಂದ ಆಮೇಲೆ. "ನಾಳಿ ಬಳ್ಳಾರಿಗೆ ಹೊಂಟೀನಿ, ಮನಿ ಮಂದಿನ್ನೆಲ್ಲ ಕರ್ಕೊಂಡು. ಅಲ್ಲಿ ಕಟಿಂಗ್ ಕೆಲಸ ಸಿಕ್ಕೈತಿ. ಶೆಡ್ಡಿನ ಕೀಲಿ ಕೊಟ್ಟು ಹೋಗೋಣ ಅಂತ ಬಂದೆ. ಅವನ ಕೈಗೆ ಬಿಸಿನೀರಿನ ಕಾವು ಕೊಡವ್ವ, ಬಿಡಬ್ಯಾಡ."

ಚಪ್ಪಲಿ ಮೆಟ್ಟಿದ ಸದ್ದಾಯಿತು. ಬಾಗಿಲು ಮುಚ್ಚಿತು. ಸುಂಕಮ್ಮ ಬಂದು ಟವೆಲ್ ತೆಗೆದಳು.

"ಏಳ್ರಿ. ಹೋದರು."

"ಯಾರು? ನನಗ ಗಾಢ ನಿದ್ದಿ ಹತ್ತಿತ್ತು" ಎಂದೆ ಕಣ್ಣುಜ್ಜಿಕೊಳ್ಳುತ್ತ.

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಂಚದ ತುದಿಗೆ ಕೂತು ಹೇಳಿದಳು:

"ನಿದ್ದಿಯಾಗ ನಿಮಗ ಗೊರಕಿ ಬರಂಗಿಲ್ರಿ. ಒಂದು ದಿನಾನೂ ಬಂದಿಲ್ಲ. ಕೂಸಿನಂಗ ಮಲಗ್ತೀರಿ."

"ಅದು ನಿನಗ ಗೊತ್ತು. ಅವಗೇನು ಗೊತ್ತು?"

"ಇಪ್ಪತ್ತೆರಡು ವರ್ಷ ಮಧ್ಯಾಹ್ನ ಉಂಡು ಇಬ್ಬರೂ ಕಟಿಂಗ್ ಟೇಬಲ್ಲಿನ ಕೆಳಗ ಮಗ್ಗಲಿಗೆ ಮಗ್ಗಲ ಮಲಗ್ತಿದ್ರಿ. ಅವರಿಗೆ ಗೊತ್ತಿರಂಗಿಲ್ಲೇನ್ರೀ?"

ನಾನು ಬಾಗಿಲ ಕಡೆ ನೋಡಿದೆ. ನಾನು ಎಚ್ಚರವಿದ್ದೇನೆಂದು ಮೊದಲನೇ ಗೊರಕೆಗೇ ಅವನಿಗೆ ಗೊತ್ತಾಗಿದೆ. ಗೊತ್ತಿದ್ದೂ, ನಾನು ಏಳಬಹುದೆಂದು ಅಷ್ಟು ಹೊತ್ತು ಅಲ್ಲಿ ನಿಂತು ಕಾದಿದ್ದಾನೆ. ಅವನು ಮೆಟ್ಟಿಲಿಳಿದು ಓಣಿ ದಾಟಿ ಹೋದ ಮೇಲೂ, ಅನುಮಾನ ಬರಬಾರದೆಂದು ನಾನು ಇನ್ನೂ ನಾಲ್ಕು ಗೊರಕೆ ಹೊಡೆದಿದ್ದೆ.